ಈ ಬೆಲೆ ಎಷ್ಟು ಗಂಟೆಯದು?

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನನಗೆ ಪರಿಚಯ. ಪಿಂಚಣಿಯಲ್ಲಿ ಉಳಿದಿದ್ದನ್ನು ಹತ್ತಾರು ವರ್ಷಗಳಿಂದ ಷೇರಿನಲ್ಲಿ ತೊಡಗಿಸುತ್ತಾ ಬಂದವರು. ಆತುರದ ಮನುಷ್ಯರಲ್ಲ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವವರು. ಒಂದು ಮಧ್ಯಾಹ್ನ ಫೋನ್ ಮಾಡಿದರು: ‘ಮಾರಾಯ್ರೇ, ಒಂದೇ ಕಂಪನಿ ಷೇರು. ನನ್ನ ಫೋನಿನಲ್ಲಿ 412 ಅಂತಿದೆ, ಮಗನ ಲ್ಯಾಪ್‌ಟಾಪಿನಲ್ಲಿ 409, ಟಿ.ವಿ. ಅಡಿಯಲ್ಲಿ ಓಡುವ ಪಟ್ಟಿಯಲ್ಲಿ 411 ಚಿಲ್ಲರೆ. ಮೂರರಲ್ಲಿ ಯಾವುದು ಸರಿ?’

ಮೂರೂ ಸರಿ ಇರಬಹುದು ಅಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ‘ಧಾರಣೆ ಅಂದ ಮೇಲೆ ಒಂದೇ ಇರಬೇಕಲ್ಲ?’

ಅಡಿಕೆ ಬೆಳೆಯುವ ಸೀಮೆಯವರ ಬಾಯಲ್ಲೇ ಈ ಪ್ರಶ್ನೆ ಬಂದದ್ದು ನನಗೆ ಸೋಜಿಗ ಅನಿಸಿತು. ಶಿವಮೊಗ್ಗ ಎಪಿಎಂಸಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ನಾಲ್ಕು ಬಗೆಯ ಅಡಿಕೆಗೆ ದಿನವೂ ಧಾರಣೆ ಪ್ರಕಟವಾಗುತ್ತದೆ. ಅದರಲ್ಲಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಬೇರೆ ಬೇರೆ ಇರುತ್ತದೆ. ಪತ್ರಿಕೆಯಲ್ಲಿ ಗರಿಷ್ಠ ದರ ನೋಡಿ, ತನ್ನ ಚೀಲಕ್ಕೂ ಅದೇ ಸಿಗುತ್ತದೆಂದು ಯಾವ ಬೆಳೆಗಾರನೂ ನಂಬುವುದಿಲ್ಲ. ಆ ದರ ಯಾರದೋ ಮಾಲಿಗೆ ಯಾವುದೋ ಟೆಂಡರಿನಲ್ಲಿ ಬಿದ್ದದ್ದು. ತನ್ನ ಮಾಲಿಗೆ ಎಷ್ಟೆಂಬುದು ಮಂಡಿಗೆ ಹೋದ ಮೇಲೆ ತಿಳಿಯುವ ಮಾತು ಎಂದು ಅವನಿಗೆ ಗೊತ್ತು. ಈ ವಿವೇಕ ನಮಗೆ ತಲೆಮಾರುಗಳಿಂದ ಬಂದದ್ದು. ಷೇರು ಪೇಟೆಯ ಪರದೆಯ ಮುಂದೆ ಕೂತಾಗ ಮಾತ್ರ ಅದನ್ನು ಮರೆತುಬಿಡುತ್ತೇವೆ. ಹಸಿರು, ಕೆಂಪು ಬಣ್ಣದಲ್ಲಿ ಮಿನುಗುವ ಅಂಕಿಯನ್ನು ಆ ಷೇರಿನ ಬೆಲೆ ಎಂದೇ ತಿಳಿಯುತ್ತೇವೆ.

ಅದು ಬೆಲೆಯಲ್ಲ, ಆಗಿಹೋದ ಒಂದು ವ್ಯಾಪಾರದ ಗುರುತು. ಯಾರೋ ಒಬ್ಬರು ಕೊಟ್ಟರು, ಇನ್ನೊಬ್ಬರು ಕೊಂಡರು, ಇಷ್ಟಕ್ಕೆ ಕುದುರಿತು ಎಂಬ ಸುದ್ದಿ. ಎಲ್‌ಟಿಪಿ ಎಂದು ಕರೆಯುವ ಆ ಕೊನೆಯ ವ್ಯಾಪಾರದ ದರ ಅರೆಕ್ಷಣದ ಹಿಂದಿನದಿರಬಹುದು, ಅರ್ಧ ಗಂಟೆಯ ಹಿಂದಿನದೂ ಇರಬಹುದು. ಹತ್ತು ಸಾವಿರ ಷೇರು ಕೈಬದಲಾದ ದರವಿರಬಹುದು, ಒಂದೇ ಒಂದು ಷೇರಿನದೂ ಇರಬಹುದು. ಅಂಕಿಯ ಜೊತೆ ಸಮಯ ಮತ್ತು ಪ್ರಮಾಣ ಇಲ್ಲದಿದ್ದರೆ ಅರ್ಧ ಸುದ್ದಿ ಮಾತ್ರ ಕೈಗೆ ಸಿಕ್ಕಂತೆ.

ಇಂದು ದಿನದ ನಡುವೆ ಬೆಲೆ ತಿಳಿಯುವುದು ಎಷ್ಟು ಸಲೀಸೋ, ಒಂದು ಕಾಲಕ್ಕೆ ಅಷ್ಟೇ ದುಸ್ತರವಾಗಿತ್ತು. ಆ ಕಥೆ ಗೊತ್ತಿದ್ದರೆ ಕೈಯಲ್ಲಿರುವ ಫೋನಿನ ಮೇಲೆ ಒಂದು ಬಗೆಯ ಗೌರವ ಮೂಡುತ್ತದೆ.

1850ರಲ್ಲಿ ಜರ್ಮನಿಯ ಆಖೆನ್ ಊರಿಗೂ ಬೆಲ್ಜಿಯಂನ ಬ್ರಸೆಲ್ಸ್‌ಗೂ ನಡುವೆ ತಂತಿ ಸಂಪರ್ಕ ಇರಲಿಲ್ಲ. ಆಚೆ ಬರ್ಲಿನ್ ತನಕ ಒಂದು ತಂತಿ, ಈಚೆ ಪ್ಯಾರಿಸ್ ತನಕ ಇನ್ನೊಂದು. ನಡುವೆ ಸುಮಾರು 120 ಕಿಲೋಮೀಟರ್ ಖಾಲಿ. ಪಾಲ್ ಜೂಲಿಯಸ್ ರಾಯಿಟರ್ ಆ ಖಾಲಿಯನ್ನು ಪಾರಿವಾಳಗಳಿಂದ ತುಂಬಿದ. ಷೇರು ದರಗಳನ್ನು ಚೀಟಿಯಲ್ಲಿ ಬರೆದು ಹಕ್ಕಿಗೆ ಕಟ್ಟಿ ಹಾರಿಸಿದರೆ ಎರಡು ಗಂಟೆಯಲ್ಲಿ ತಲುಪುತ್ತಿತ್ತು; ರೈಲಿಗೆ ಸುಮಾರು ಆರು ಗಂಟೆ ಬೇಕಿತ್ತು. ಜಗತ್ತಿನ ದೊಡ್ಡ ಸುದ್ದಿಸಂಸ್ಥೆಯೊಂದರ ಬೇರು ಈ ನಾಲ್ಕು ಗಂಟೆಯ ಅಂತರದಲ್ಲಿದೆ. ಬೆಲೆಯನ್ನು ಯಾರು ಮೊದಲು ತಿಳಿಯುತ್ತಾರೋ ಲಾಭ ಅವರದು ಎಂಬುದು ಆಗಲೇ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಹದಿನೇಳು ವರ್ಷದ ಬಳಿಕ, 1867ರಲ್ಲಿ, ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಕ್ಯಾಲಹನ್ ಎಂಬಾತ ತಂತಿಯ ಮೂಲಕ ಬಂದ ದರವನ್ನು ಕಾಗದದ ಸಪೂರ ಪಟ್ಟಿಯ ಮೇಲೆ ತಾನಾಗಿ ಅಚ್ಚೊತ್ತುವ ಯಂತ್ರ ಮಾಡಿದ. ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದುದರಿಂದ ಅದು ಟಿಕರ್ ಆಯಿತು. ಎಡಿಸನ್ ಅದನ್ನು ಸುಧಾರಿಸಿದ. ಆತ ಕೈತುಂಬ ಹಣ ಕಂಡ ಮೊದಲ ಕೆಲಸಗಳಲ್ಲಿ ಅದೂ ಒಂದು. ಇಂದು ಟಿ.ವಿ. ಪರದೆಯ ಅಡಿಯಲ್ಲಿ ಎಡಕ್ಕೆ ಸರಿಯುವ ಬೆಲೆಪಟ್ಟಿ ಆ ಕಾಗದದ ಪಟ್ಟಿಯ ಮೊಮ್ಮಗ. ಹೆಸರೂ ಅದೇ ಉಳಿದಿದೆ.

ಟಿಕರ್ ಇದ್ದರೂ ಬೆಲೆ ತಡವಾದರೆ ಏನಾಗುತ್ತದೆ ಎಂಬುದಕ್ಕೆ 1929ರ ಅಕ್ಟೋಬರ್ 24ರ ಗುರುವಾರವೇ ಸಾಕ್ಷಿ. ಆ ದಿನ ನ್ಯೂಯಾರ್ಕ್ ಷೇರು ಪೇಟೆಯಲ್ಲಿ 1 ಕೋಟಿ 28 ಲಕ್ಷಕ್ಕೂ ಹೆಚ್ಚು ಷೇರು ಕೈಬದಲಾದವು. ಅಷ್ಟು ವ್ಯಾಪಾರವನ್ನು ಅಚ್ಚು ಹಾಕುವ ಶಕ್ತಿ ಆ ಯಂತ್ರಕ್ಕೆ ಇರಲಿಲ್ಲ. ಬೆಳಗಿನಿಂದಲೇ ಹಿಂದೆ ಬೀಳತೊಡಗಿತು. ಪೇಟೆ ಮಧ್ಯಾಹ್ನ 3ಕ್ಕೆ ಮುಚ್ಚಿತು. ಪಟ್ಟಿಯ ಮೇಲೆ ಕೊನೆಯ ದರ ಅಚ್ಚಾದದ್ದು ಸಂಜೆ 7 ದಾಟಿದ ಮೇಲೆ. ದೂರದೂರದ ಊರುಗಳಲ್ಲಿ ದಲ್ಲಾಳಿಗಳ ಕಚೇರಿಯಲ್ಲಿ ಕೂತ ಸಾವಿರಾರು ಜನ ಗಂಟೆಗಳ ಹಿಂದಿನ ಬೆಲೆಯನ್ನು ಈಗಿನದೆಂದು ಓದುತ್ತಿದ್ದರು. ತಮ್ಮ ಷೇರು ಇನ್ನೂ ಇಷ್ಟಕ್ಕೆ ನಿಂತಿದೆ ಎಂದುಕೊಂಡವರ ಹಣ ಅಷ್ಟರಲ್ಲಿ ಕರಗಿಹೋಗಿತ್ತು. ಇನ್ನು ಕೆಲವರು ಗಾಬರಿಯಿಂದ, ಎಷ್ಟಕ್ಕೆ ಹೋಗುತ್ತದೆಂದು ತಿಳಿಯದೆಯೇ ಮಾರಿಬಿಡಿ ಎಂದರು. ಆ ದಿನದ ಕುಸಿತಕ್ಕೆ ಕಾರಣಗಳು ಬೇರೆಯೇ ಇದ್ದವು. ಆದರೆ ಭಯ ಅಷ್ಟು ಬೇಗ ಹರಡಿದ್ದರಲ್ಲಿ ತಡವಾದ ಆ ಕಾಗದಪಟ್ಟಿಗೂ ಪಾಲಿದೆ ಎಂದು ನಾನು ನಂಬುತ್ತೇನೆ. ಕತ್ತಲಲ್ಲಿ ನಿಂತವನಿಗೆ ಹಗ್ಗವೂ ಹಾವಾಗುತ್ತದೆ.

ನಮ್ಮಲ್ಲಿ ಈ ಕತ್ತಲು ಇನ್ನೂ ಬಹಳ ಕಾಲ ಉಳಿಯಿತು. ಮುಂಬೈ ಷೇರು ವಿನಿಮಯ ಕೇಂದ್ರ ಸಂಘವಾಗಿ ರೂಪುಗೊಂಡದ್ದು 1875ರಲ್ಲಿ. ಅಲ್ಲಿಂದ 1990ರ ದಶಕದ ತನಕ, ಹೆಚ್ಚುಕಡಿಮೆ 120 ವರ್ಷ, ಅಲ್ಲಿ ವ್ಯಾಪಾರ ನಡೆದದ್ದು ಬಾಯಿಮಾತಿನಲ್ಲಿ. ದಲಾಲ್ ಸ್ಟ್ರೀಟಿನ ಆ ಅಂಗಳದಲ್ಲಿ ದಲ್ಲಾಳಿಗಳು, ಅವರ ಗುಮಾಸ್ತರು ಒತ್ತೊತ್ತಾಗಿ ನಿಂತು ಕೂಗಿ, ಕೈಸನ್ನೆ ಮಾಡಿ, ಕೈಯಲ್ಲಿದ್ದ ಚಿಕ್ಕ ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದರು. ಒಂದೇ ಹೊತ್ತಿನಲ್ಲಿ ಅಂಗಳದ ಈ ಮೂಲೆಯಲ್ಲಿ ಒಂದು ಬೆಲೆ, ಆ ಮೂಲೆಯಲ್ಲಿ ಇನ್ನೊಂದು.

ನಮ್ಮ ಊರಿನ ಸಂಬಳದಾರನಿಗೆ ತಿಳಿಯುತ್ತಿದ್ದುದು ಮರುದಿನದ ಪತ್ರಿಕೆಯಲ್ಲಿ ಸಣ್ಣಕ್ಷರದ ಪಟ್ಟಿ ಬಂದಾಗ. ಅದರಲ್ಲಿ ದಿನದ ಕೆಳಗಿನ ದರ, ಮೇಲಿನ ದರ ಇರುತ್ತಿದ್ದವು. ಆತ ನೂರು ಷೇರು ಮಾರಲು ಹೇಳಿದ್ದರೆ, ಬಂದ ಚೀಟಿಯಲ್ಲಿ ದಿನದ ಕೆಳಗಿನ ದರಕ್ಕೆ ಹತ್ತಿರದ ಅಂಕಿ ಇರುತ್ತಿತ್ತು. ಕೊಳ್ಳಲು ಹೇಳಿದ್ದರೆ ಮೇಲಿನ ದರಕ್ಕೆ ಹತ್ತಿರದ್ದು. ನಿಜವಾಗಿ ಎಷ್ಟಕ್ಕೆ ಕುದುರಿತು, ಯಾವ ಹೊತ್ತಿಗೆ ಕುದುರಿತು ಎಂದು ಪ್ರಶ್ನಿಸಲು ಅವನ ಬಳಿ ಪುರಾವೆಯೇ ಇರಲಿಲ್ಲ. ಎಲ್ಲ ದಲ್ಲಾಳಿಗಳೂ ಮೋಸಗಾರರೆಂದು ಹೇಳುತ್ತಿಲ್ಲ. ಪ್ರಾಮಾಣಿಕರನ್ನು ಗುರುತಿಸಲಿಕ್ಕೂ ದಾರಿಯಿರಲಿಲ್ಲ ಎಂಬುದೇ ಆ ವ್ಯವಸ್ಥೆಯ ದೊಡ್ಡ ದೋಷ.

ಬೆಂಗಳೂರಿನಲ್ಲಿಯೂ 1963ರಿಂದ ಒಂದು ಷೇರು ವಿನಿಮಯ ಕೇಂದ್ರವಿತ್ತು. ಜೆ.ಸಿ. ರಸ್ತೆಯ ಅದರ ಕಟ್ಟಡವನ್ನು ಅನೇಕರು ನೋಡಿರುತ್ತೀರಿ. ಮಂಗಳೂರಿನಲ್ಲೂ ಒಂದಿತ್ತು. ಊರಿಗೊಂದು ಪೇಟೆ ಇದ್ದ ಕಾಲ ಅದು. ಒಂದೇ ಷೇರಿಗೆ ಬೆಂಗಳೂರಿನಲ್ಲಿ ಒಂದು ದರ, ಮುಂಬೈಯಲ್ಲಿ ಇನ್ನೊಂದು. ಯಾರ ಕೈಯಲ್ಲಿ ಟ್ರಂಕ್ ಕಾಲ್ ಸಲೀಸಾಗಿ ಸಿಗುವ ಫೋನ್ ಇದೆಯೋ ಅವರಿಗೆ ಆ ವ್ಯತ್ಯಾಸವೇ ಸಂಪಾದನೆ.

ಇದನ್ನು ಮುರಿದದ್ದು 1994ರ ನವೆಂಬರ್. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ, ಷೇರು ವಹಿವಾಟು ಆರಂಭಿಸಿದ್ದು ಆಗ. ಅಲ್ಲಿ ಕೂಗಾಡುವ ಅಂಗಳವೇ ಇರಲಿಲ್ಲ. ಉಪಗ್ರಹದ ಮೂಲಕ ಪುಟ್ಟ ತಟ್ಟೆಯಾಕಾರದ ಆಂಟೆನಾಗಳಿಗೆ ಸಂಕೇತ ಬರುತ್ತಿತ್ತು. ದಲ್ಲಾಳಿಯ ಕಂಪ್ಯೂಟರಿನಲ್ಲಿ ಇಡೀ ದೇಶಕ್ಕೆ ಒಂದೇ ಬೆಲೆ ಮೂಡುತ್ತಿತ್ತು. ಹೆಚ್ಚು ಬೆಲೆ ಕೊಡುವವನಿಗೆ, ಕಡಿಮೆಗೆ ಮಾರುವವನಿಗೆ ಮೊದಲ ಸರದಿ. ಬೆಲೆ ಒಂದೇ ಆದರೆ ಮೊದಲು ಬಂದವನಿಗೆ. ಕೊಳ್ಳುವವ ಯಾರು, ಮಾರುವವ ಯಾರು ಎಂಬುದು ಯಂತ್ರಕ್ಕೆ ಬೇಕಿರಲಿಲ್ಲ. ಮುಂಬೈಯ ಹಳೆಯ ಕೇಂದ್ರ ಕೂಡ 1995ರ ಮಾರ್ಚಿನಲ್ಲಿ ಬೋಲ್ಟ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬದಲಾಯಿತು. ಸುಮಾರು ಒಂದು ವರ್ಷದೊಳಗೆ ಹೊಸ ಕೇಂದ್ರದ ವಹಿವಾಟು ಹಳೆಯದನ್ನು ಮೀರಿಸಿತು. ಊರೂರ ಪೇಟೆಗಳು ಸೊರಗಿದವು. ಬೆಂಗಳೂರಿನದು 2014ರಲ್ಲಿ ಅಧಿಕೃತವಾಗಿ ಬಾಗಿಲು ಹಾಕಿತು.

ಅಂದು ಬಂದದ್ದರಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ವೇಗವಲ್ಲ, ಗಡಿಯಾರದ ಮೊಹರು. ನೀವು ಆದೇಶ ಕೊಟ್ಟದ್ದು ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡಿಗೆ, ವ್ಯಾಪಾರ ಆದದ್ದು ಎಷ್ಟಕ್ಕೆ ಎಂಬುದು ಒಂದು ಸಂಖ್ಯೆಯೊಡನೆ ದಾಖಲಾಗುತ್ತದೆ. ಇಂದಿಗೂ ವ್ಯಾಪಾರ ಮಾಡಿದ ದಿನ ನಿಮ್ಮ ಇ-ಮೇಲಿಗೆ ಬರುವ ಕಾಂಟ್ರ್ಯಾಕ್ಟ್ ನೋಟಿನಲ್ಲಿ ಆ ಕಾಲಂಗಳಿರುತ್ತವೆ. ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ತೆರೆದು ನೋಡಬೇಕು. ನಮ್ಮ ಅಜ್ಜಂದಿರ ಕಾಲದ ಹೂಡಿಕೆದಾರನಿಗೆ ಎಷ್ಟು ಬೇಡಿದರೂ ಸಿಗದಿದ್ದ ಪುರಾವೆ ಅದು.

ಈಗ ಮೇಷ್ಟ್ರ ಮೂರು ಬೆಲೆಗಳಿಗೆ ಬರೋಣ.

ಅವರ ಫೋನಿನಲ್ಲಿದ್ದದ್ದು ಬ್ರೋಕರ್ ಸಂಸ್ಥೆಯ ಆ್ಯಪ್. ಅದಕ್ಕೆ ವಿನಿಮಯ ಕೇಂದ್ರದಿಂದ ಬೆಲೆ ನೇರವಾಗಿ ಹರಿದುಬರುತ್ತದೆ. ಆದರೂ ಪ್ರತಿಯೊಂದು ವ್ಯಾಪಾರವೂ ಅಲ್ಲಿ ಕಾಣುವುದಿಲ್ಲ. ಜೋರಾಗಿ ಓಡುವ ಷೇರಿನಲ್ಲಿ ಒಂದು ಸೆಕೆಂಡಿಗೆ ಎಷ್ಟೋ ವ್ಯಾಪಾರ ನಡೆಯುತ್ತವೆ. ಆ್ಯಪ್ ನಡುನಡುವೆ ಒಂದೊಂದು ಫೋಟೊ ತೆಗೆದು ತೋರಿಸುತ್ತದೆ, ಅಷ್ಟೇ. ಸಾಮಾನ್ಯ ಹೂಡಿಕೆದಾರನಿಗೆ ಇದು ಬೇಕಾದಷ್ಟಾಯಿತು.

ಮಗನ ಲ್ಯಾಪ್‌ಟಾಪಿನಲ್ಲಿದ್ದದ್ದು ಗೂಗಲ್ ಶೀಟ್. ಮನೆಯವರೆಲ್ಲರ ಷೇರುಗಳ ಪಟ್ಟಿ ಮಾಡಿ, ಗೂಗಲ್‌ಫೈನಾನ್ಸ್ ಎಂಬ ಸೂತ್ರ ಹಾಕಿದ್ದ. ತುಂಬ ಉಪಯುಕ್ತ ಸಾಧನ ಅದು. ಬೆಲೆ ತಾನಾಗಿ ಬಂದು ಕೂರುತ್ತದೆ, ಒಟ್ಟು ಮೊತ್ತವೂ ತಾನೇ ಬದಲಾಗುತ್ತದೆ. ಆದರೆ ಬೆಲೆ 20 ನಿಮಿಷದ ತನಕ ತಡವಾಗಿರಬಹುದು ಎಂದು ಗೂಗಲ್ಲೇ ಸ್ಪಷ್ಟವಾಗಿ ಹೇಳಿದೆ. ವಾರಕ್ಕೊಮ್ಮೆ ಲೆಕ್ಕ ನೋಡಲು ಅದು ಚೆನ್ನ. ಅದನ್ನು ನೋಡಿ ಆದೇಶ ಕೊಡುವುದು ನಿನ್ನೆಯ ಬಸ್ಸಿನ ವೇಳಾಪಟ್ಟಿ ಹಿಡಿದು ಇಂದು ಓಡಿದ ಹಾಗೆ.

ಟಿ.ವಿ.ಯಲ್ಲಿದ್ದ ಚಿಲ್ಲರೆ ವ್ಯತ್ಯಾಸಕ್ಕೆ ಕಾರಣ ಬೇರೆ. ಆ ಪಟ್ಟಿ ಬಿಎಸ್‌ಇಯದು, ಅಂದರೆ ಮುಂಬೈಯ ಹಳೆಯ ಕೇಂದ್ರದ್ದಾಗಿತ್ತು. ಒಂದೇ ಷೇರು ಎರಡು ಕೇಂದ್ರಗಳಲ್ಲಿ ವಹಿವಾಟಾಗುತ್ತದೆ. ಎರಡರ ದರ ಹತ್ತಿರ ಹತ್ತಿರವಿರುತ್ತದೆ, ಆದರೆ ಒಂದೇ ಆಗಿರಬೇಕೆಂದಿಲ್ಲ. ಎನ್‌ಎಸ್‌ಇ ಷೇರನ್ನು ಅಕ್ಷರಗಳ ಸಂಕೇತದಿಂದ ಗುರುತಿಸಿದರೆ, ಬಿಎಸ್‌ಇ ಆರು ಅಂಕಿಯ ಸಂಖ್ಯೆ ಕೊಡುತ್ತದೆ, ಇನ್ಫೊಸಿಸ್‌ನದು 500209. ಹೆಸರು ಒಂದೇ ತರಹ ಇರುವ ಕಂಪನಿಗಳ ನಡುವೆ ಗೊಂದಲವಾಗದಿರಲು ಈ ಸಂಕೇತವನ್ನು ನೋಡುವ ಅಭ್ಯಾಸ ಒಳ್ಳೆಯದು.

ಬೆಲೆಯ ಮಾಹಿತಿಯೂ ಮಾರಾಟದ ಸರಕು ಎಂಬುದು ಹಲವರಿಗೆ ತಿಳಿದಿಲ್ಲ. ವಿನಿಮಯ ಕೇಂದ್ರಗಳು ಅದನ್ನು ಹಂತ ಹಂತವಾಗಿ ಮಾರುತ್ತವೆ. ಮೊದಲ ಹಂತದಲ್ಲಿ ಕೊನೆಯ ದರ, ಅತ್ಯುತ್ತಮ ಬೇಡಿಕೆ ಮತ್ತು ಅತ್ಯುತ್ತಮ ಮಾರಾಟದ ದರ; ಎರಡನೆಯದರಲ್ಲಿ ಎರಡೂ ಕಡೆ ಐದೈದು ಸಾಲು; ಮೂರನೆಯದರಲ್ಲಿ ಇಪ್ಪತ್ತು ಸಾಲು; ಅದಕ್ಕೂ ಮೇಲೆ, ಒಂದೊಂದು ಆದೇಶ, ಒಂದೊಂದು ವ್ಯಾಪಾರದ ವಿವರವೂ ಇರುವ ಪೂರ್ತಿ ಹರಿವು. ಕೆಲವು ಜಾಲತಾಣಗಳು ಖರ್ಚು ಉಳಿಸಲು ಹತ್ತು, ಹದಿನೈದು ನಿಮಿಷ ತಡವಾದ ಬೆಲೆಯನ್ನು ಹಾಕುತ್ತವೆ. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಗೆಂದು ಬರೆದಿರುತ್ತದೆ. ಆ ಒಂದು ಸಾಲನ್ನು ಹುಡುಕಿ ಓದಿ. ಎರಡೂ ವಿನಿಮಯ ಕೇಂದ್ರಗಳ ಸ್ವಂತ ಜಾಲತಾಣಗಳಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಬೆಲೆ ನೋಡಬಹುದು. ಆ ಪುಟದಲ್ಲಿ ಯಾವ ಹೊತ್ತಿನ ಬೆಲೆ ಎಂಬುದೂ ಇರುತ್ತದೆ. ಅನುಮಾನ ಬಂದಾಗ ನಾನು ಹೋಗುವುದು ಅಲ್ಲಿಗೆ.

ಮೇಷ್ಟ್ರಿಗೆ ಇಷ್ಟು ಹೇಳಿದ ಮೇಲೆ ಅವರು ಇನ್ನೊಂದು ಕೇಳಿದರು. ಅದು ಮೊದಲಿನದಕ್ಕಿಂತ ಚುರುಕಾದ ಪ್ರಶ್ನೆ: ‘ಸರಿ, 412 ಈಗಿನದೇ ಅಂತ ಇಟ್ಟುಕೊಳ್ಳೋಣ. ನಾನು ಈಗ ಕೊಂಡರೆ 412ಕ್ಕೇ ಸಿಗುತ್ತದಾ?’

ಸಿಗಬಹುದು, ಸಿಗದಿರಬಹುದು. ಅದನ್ನು ತಿಳಿಯಲು ಎಲ್‌ಟಿಪಿಯ ಕೆಳಗೆ ಬೆರಳಿಟ್ಟು ಮಾರ್ಕೆಟ್ ಡೆಪ್ತ್ ಎಂಬುದನ್ನು ತೆರೆಯಬೇಕು. ಎಡಕ್ಕೆ ಕೊಳ್ಳಲು ನಿಂತವರ ಸಾಲು, ಬಲಕ್ಕೆ ಮಾರಲು ನಿಂತವರ ಸಾಲು; ಯಾವ ಬೆಲೆಗೆ ಎಷ್ಟು ಷೇರು ಎಂಬ ಲೆಕ್ಕ. ಕೊನೆಯ ವ್ಯಾಪಾರ 412ಕ್ಕೆ ಆಗಿದ್ದರೂ, ಈಗ ಮಾರಲು ನಿಂತವರಲ್ಲಿ ಅಗ್ಗದವನು 413 ಕೇಳುತ್ತಿರಬಹುದು. ಅದೂ ಬರೇ 20 ಷೇರು. ಮುಂದಿನವನು 414.50, ಅದರ ಮುಂದಿನವನು 417. ‘ಮಾರ್ಕೆಟ್’ ಎಂದು ಒತ್ತಿ 300 ಷೇರು ಕೇಳಿದರೆ ಯಂತ್ರ ಕರುಣೆಯಿಲ್ಲದೆ ಸಾಲಿನಲ್ಲಿ ಏರುತ್ತಾ ಹೋಗುತ್ತದೆ. ಸರಾಸರಿ 416 ಬಿದ್ದಾಗ ಆ್ಯಪ್ ಮೋಸ ಮಾಡಿತೆಂದು ಅನಿಸುತ್ತದೆ. ಸಂಜೆ ಕಾಂಟ್ರ್ಯಾಕ್ಟ್ ನೋಟ್ ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ನಾವು ನೋಡಬೇಕಾದ ಅಂಕಿಯನ್ನು ನೋಡಿರುವುದಿಲ್ಲ.

ದೊಡ್ಡ ಕಂಪನಿಗಳಲ್ಲಿ ಈ ಕಷ್ಟ ಕಡಿಮೆ. ಎನ್‌ಎಸ್‌ಇಯ ಸೂಚ್ಯಂಕವಾದ ನಿಫ್ಟಿ 50ರ ಪಟ್ಟಿಗೆ ಸೇರಬೇಕಾದರೆ, ಹತ್ತು ಕೋಟಿ ರೂಪಾಯಿಯ ವಹಿವಾಟು ಮಾಡಿದರೂ ಬೆಲೆ ಸರಾಸರಿ ಅರ್ಧ ಶೇಕಡಕ್ಕಿಂತ ಹೆಚ್ಚು ಅಲುಗಬಾರದು ಎಂಬ ನಿಯಮವೇ ಇದೆ. ಅಲ್ಲಿ ಸಾಲು ದಟ್ಟ, ಅಂತರ ಪೈಸೆಗಳಲ್ಲಿ. ಆದರೆ ಸಣ್ಣ ಕಂಪನಿಗಳ ಷೇರಿನಲ್ಲಿ ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ನಡುವೆ ಹಳ್ಳವೇ ಇರುತ್ತದೆ. ಅಂಥಲ್ಲಿ ‘ಲಿಮಿಟ್’ ಹಾಕಿ, ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಹೇಳಿ ಕಾಯುವುದೇ ಸರಿಯಾದ ಕ್ರಮ. ಸಿಗದೆ ಹೋದರೆ ಹೋಗಲಿ. ಸಂತೆಯಲ್ಲಿ ಚೌಕಾಸಿ ಮಾಡಿ ಬರಿಗೈಯಲ್ಲಿ ಬಂದವರು ಯಾರೂ ಹಾಳಾಗಿಲ್ಲ.

ಇದರ ಕೊನೆಯ ತುದಿ ಅಪ್ಪರ್ ಸರ್ಕಿಟ್. ಅನೇಕ ಷೇರುಗಳಿಗೆ ದಿನಕ್ಕೆ ಶೇ 2, 5, 10 ಅಥವಾ 20ರ ಮಿತಿಯಿದೆ. ಷೇರು ಆ ಮಿತಿಗೆ ಮುಟ್ಟಿ ನಿಂತಾಗ ಪರದೆಯಲ್ಲಿ ಬೆಲೆ ಹೊಳೆಯುತ್ತಿರುತ್ತದೆ, ಮಾರುವವರ ಸಾಲು ಮಾತ್ರ ಖಾಲಿ. ಆ ಬೆಲೆಗೆ ಯಾರಿಗೂ ಸಿಗುವುದಿಲ್ಲ. ಕೆಳಗಿನ ಮಿತಿ ಮುಟ್ಟಿದಾಗ ಇದೇ ತಿರುವುಮುರುವು: ನಿಮ್ಮ ಬಳಿ ಇಷ್ಟು ಬೆಲೆಯ ಷೇರಿದೆ ಎಂದು ಆ್ಯಪ್ ತೋರಿಸುತ್ತಲೇ ಇರುತ್ತದೆ, ಕೊಳ್ಳುವವನೇ ಇರುವುದಿಲ್ಲ. ವ್ಯಾಪಾರವಿಲ್ಲದ ಬೆಲೆಗೆ ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರಿನಷ್ಟೇ ಅರ್ಥ.

ದಿನದ ಹೊತ್ತುಗಳಿಗೂ ಒಂದೊಂದು ಸ್ವಭಾವವಿದೆ. ಬೆಳಿಗ್ಗೆ 9ರಿಂದ 9.15ರ ತನಕ ಮುಂಗಡ ಅವಧಿ. ಮೊದಲ ಕೆಲವು ನಿಮಿಷ ಆದೇಶಗಳನ್ನು ಒಟ್ಟುಮಾಡಿ, ಅತಿ ಹೆಚ್ಚು ಷೇರು ಕೈಬದಲಾಗಬಲ್ಲ ಒಂದೇ ಬೆಲೆಯನ್ನು ಹುಡುಕಿ, ಅದನ್ನೇ ದಿನದ ಆರಂಭದ ಬೆಲೆ ಮಾಡುತ್ತಾರೆ. ಆಗ ಪರದೆಯಲ್ಲಿ ಕಾಣುವ ಅಂಕಿ ಇನ್ನೂ ಗಟ್ಟಿಯಾಗದ ಪಾಕ. ಶೇ 10 ಏರಿದಂತೆ ಕಂಡದ್ದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಇಲ್ಲವಾಗಬಹುದು. 9.15ರಿಂದ 3.30ರ ತನಕ ನಿರಂತರ ವಹಿವಾಟು. ಮೊದಲ ಹದಿನೈದು, ಇಪ್ಪತ್ತು ನಿಮಿಷ ರಾತ್ರಿಯ ಸುದ್ದಿಯೆಲ್ಲ ಒಮ್ಮೆಲೇ ನುಗ್ಗುವ ಹೊತ್ತು. ತುರ್ತಿಲ್ಲದವರು ಆಗ ದೂರವಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ ಎಂಬುದು ನನ್ನ ಅನುಭವ.

ಸಂಜೆಯ ಒಂದು ಗೊಂದಲ ಮಾತ್ರ ಹೇಳಲೇಬೇಕು. 3.30ಕ್ಕೆ ಕೊನೆಯ ವ್ಯಾಪಾರ 415ಕ್ಕೆ ಆಯಿತೆಂದು ನೋಡಿರುತ್ತೀರಿ; ಒಂದಿಷ್ಟು ಹೊತ್ತು ಬಿಟ್ಟು ನೋಡಿದರೆ ಮುಕ್ತಾಯದ ಬೆಲೆ 413.20 ಎಂದಿರುತ್ತದೆ. ಯಾರೂ ತಿದ್ದಿದ್ದಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ನಡೆದ ಎಲ್ಲ ವ್ಯಾಪಾರಗಳ, ಪ್ರಮಾಣಕ್ಕೆ ತಕ್ಕ ಸರಾಸರಿಯೇ ಮುಕ್ತಾಯದ ಬೆಲೆ ಎಂಬುದು ನಮ್ಮ ಪೇಟೆಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಕೊನೆಯ ಗಳಿಗೆಯಲ್ಲಿ ಯಾರೋ ನಾಲ್ಕು ಷೇರು ಕೊಂಡು ಬೆಲೆಯನ್ನು ಎತ್ತಿಬಿಡದಂತೆ ಇಟ್ಟ ತಡೆ ಅದು. ಒಳ್ಳೆಯ ತಡೆ.

ಬೆಲೆ ಒಂದೇ ಬೆಳಗಿಗೆ ಅರ್ಧವಾಗಿ ಕಂಡು ಎದೆ ನಡುಗಿಸುವ ಸಂದರ್ಭವೂ ಉಂಟು. 2018ರ ಸೆಪ್ಟೆಂಬರಿನಲ್ಲಿ ಇನ್ಫೊಸಿಸ್ ಒಂದಕ್ಕೊಂದು ಬೋನಸ್ ಕೊಟ್ಟಾಗ ಷೇರಿನ ದರ ಹಿಂದಿನ ದಿನದ ಅರ್ಧಕ್ಕೆ ಬಂದು ನಿಂತಿತು. ಷೇರು ಎರಡಾಗುತ್ತದೆ, ಆದ್ದರಿಂದ ಬೆಲೆ ಅರ್ಧ, ಸಂಪತ್ತು ಅಷ್ಟೇ. ಆದರೆ ಬೋನಸ್ ಷೇರು ಡಿಮ್ಯಾಟ್ ಖಾತೆಗೆ ಬಂದು ಸೇರುವ ತನಕ ಆ್ಯಪ್ ದೊಡ್ಡ ನಷ್ಟವನ್ನೇ ತೋರಿಸುತ್ತದೆ. ಬೆಲೆ ಹೀಗೆ ಸರಿಯಾಗಿ ಅರ್ಧಕ್ಕೆ, ಐದನೇ ಒಂದಕ್ಕೆ ಇಳಿದದ್ದು ಕಂಡರೆ ಮೊದಲು ನೋಡಬೇಕಾದದ್ದು ಕಂಪನಿಯ ಪ್ರಕಟಣೆಯನ್ನು.

ಎಲ್ಲರಿಗೂ ಒಂದೇ ಬೆಲೆ, ಒಂದೇ ಹೊತ್ತಿಗೆ ಎಂಬ ಮಾತು ಎಷ್ಟು ನಿಜ? ಮೇಷ್ಟ್ರು ಕೇಳದಿದ್ದರೂ ನನ್ನನ್ನು ಕಾಡುವ ಪ್ರಶ್ನೆ ಇದು. 2010ರ ಹೊತ್ತಿಗೆ ಎನ್‌ಎಸ್‌ಇ ತನ್ನದೇ ಆವರಣದಲ್ಲಿ ದೊಡ್ಡ ವ್ಯಾಪಾರಿಗಳ ಕಂಪ್ಯೂಟರ್ ಇಡಲು ಬಾಡಿಗೆಗೆ ಜಾಗ ಕೊಡತೊಡಗಿತು. ಕೋ-ಲೊಕೇಶನ್ ಎಂದು ಅದರ ಹೆಸರು. ತಂತಿಯ ಉದ್ದ ಕಡಿಮೆಯಾದಷ್ಟೂ ಬೆಲೆ ಬೇಗ ಮುಟ್ಟುತ್ತದೆ, ಸೆಕೆಂಡಿನ ಅತಿ ಸಣ್ಣ ಭಾಗದಷ್ಟು. ಆರಂಭದ ವರ್ಷಗಳಲ್ಲಿ ಅಲ್ಲಿ ಪೂರ್ತಿ ಹರಿವಿನ ಮಾಹಿತಿಯನ್ನು ಎಲ್ಲರಿಗೂ ಒಮ್ಮೆಗೇ ಕೊಡದೆ, ಮೊದಲು ಸಂಪರ್ಕಕ್ಕೆ ಬಂದವರಿಗೆ ಮೊದಲು, ನಂತರದವರಿಗೆ ನಂತರ ಎಂಬ ಕ್ರಮದಲ್ಲಿ ಕಳಿಸಲಾಗುತ್ತಿತ್ತು. 2014ರಲ್ಲಿ ಅದನ್ನು ಎಲ್ಲರಿಗೂ ಏಕಕಾಲಕ್ಕೆ ಬಿತ್ತರಿಸುವ ಕ್ರಮಕ್ಕೆ ಬದಲಾಯಿಸಲಾಯಿತು. ಈ ಕುರಿತ ದೂರುಗಳ ಮೇಲೆ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2019ರಲ್ಲಿ 624.89 ಕೋಟಿ ರೂಪಾಯಿಯನ್ನು ಬಡ್ಡಿಯೊಡನೆ ಮರಳಿಸುವಂತೆ ವಿನಿಮಯ ಕೇಂದ್ರಕ್ಕೆ ಆದೇಶಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ವಸೂಲಿಯನ್ನು ರದ್ದುಮಾಡಿ, ತಕ್ಕ ಎಚ್ಚರ ವಹಿಸದಿದ್ದುದಕ್ಕೆ 100 ಕೋಟಿ ಕಟ್ಟುವಂತೆ ಹೇಳಿತು. ಹತ್ತು ವರ್ಷಕ್ಕೆ ಹೂಡಿದ ಮೇಷ್ಟ್ರಿಗೆ ಈ ಸೂಕ್ಷ್ಮ ಅಂತರದಿಂದ ನಷ್ಟವೇನೂ ಆಗಲಿಲ್ಲ ಎಂದು ವಾದಿಸಬಹುದು. ಆದರೆ ದಿನದೊಳಗೇ ಕೊಂಡು ಮಾರಿ ಗೆಲ್ಲುತ್ತೇನೆಂದು ಫೋನ್ ಹಿಡಿದು ಕೂರುವ ಹುಡುಗರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ: ನಿನ್ನ ಫೋನಿಗೆ ಬೆಲೆ ಬರುವಷ್ಟರಲ್ಲಿ ಅದನ್ನು ಓದಿ, ಆದೇಶ ಕೊಟ್ಟು, ಮುಗಿಸಿದವರಿದ್ದಾರೆ. ವೇಗದ ಆಟದಲ್ಲಿ ನಿನ್ನದು ಪಾರಿವಾಳ.

ಬೆಲೆ ಬರುವುದೇ ನಿಂತುಹೋದ ದಿನಗಳೂ ಇವೆ. 2021ರ ಫೆಬ್ರುವರಿ 24ರ ಬೆಳಿಗ್ಗೆ ಎನ್‌ಎಸ್‌ಇ ಸೂಚ್ಯಂಕಗಳ ಅಂಕಿ ಅಲುಗಾಡದೆ ನಿಂತಿತು. 11.40ಕ್ಕೆ ವಹಿವಾಟನ್ನೇ ನಿಲ್ಲಿಸಲಾಯಿತು. ಸಂಪರ್ಕಜಾಲದ ತೊಂದರೆ. ಮಧ್ಯಾಹ್ನ ಪೇಟೆ ಮುಚ್ಚುವ ಹೊತ್ತು ಕಳೆದ ಮೇಲೆ, 3.45ರಿಂದ 5ರ ತನಕ ಮತ್ತೆ ತೆರೆದರು. ಬಿಎಸ್‌ಇ ಅಷ್ಟು ಹೊತ್ತೂ ನಡೆಯುತ್ತಿತ್ತು. ಆದರೆ ಒಂದು ಕಡೆ ಕೊಂಡು ಇನ್ನೂ ಮುಗಿಸದ ವ್ಯಾಪಾರವಿದ್ದವರು ಬೆಲೆ ಗೊತ್ತಿಲ್ಲದೆ ತೊಳಲಾಡಿದರು. ಇನ್ನೊಂದು 2012ರ ಅಕ್ಟೋಬರ್ 5: ಬ್ರೋಕರ್ ಸಂಸ್ಥೆಯೊಂದರಿಂದ ತಪ್ಪಾಗಿ ಬಂದ, 650 ಕೋಟಿ ರೂಪಾಯಿಗೂ ಮೀರಿದ ಮಾರಾಟದ ಆದೇಶಗಳಿಂದ ನಿಫ್ಟಿ ಕ್ಷಣಗಳಲ್ಲಿ ಸುಮಾರು ಶೇ 15ರಷ್ಟು ಬಿತ್ತು. ಆ ಕ್ಷಣದಲ್ಲಿ ಪರದೆಯ ಮೇಲಿದ್ದ ಬೆಲೆಗಳೆಲ್ಲ ನಿಜವಾಗಿ ನಡೆದ ವ್ಯಾಪಾರಗಳೇ, ಆದರೆ ಆ ಕಂಪನಿಗಳ ಬಗ್ಗೆ ಅವು ಹೇಳಿದ್ದು ಏನೂ ಇಲ್ಲ.

ಇವೆಲ್ಲಕ್ಕಿಂತ ನನಗೆ ಹೆಚ್ಚು ನೋವು ತರುವುದು ಎಂದೂ ನಡೆಯದ ವ್ಯಾಪಾರದ ಬೆಲೆ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿಗೆ ಸೇರಿಸಿಕೊಂಡು, ಒಂದು ಕೊಂಡಿ ಕೊಟ್ಟು ಆ್ಯಪ್ ಹಾಕಿಸುತ್ತಾರೆ. ನೋಡಲು ಥೇಟ್ ಬ್ರೋಕರ್ ಆ್ಯಪ್. ಬೆಲೆ ಮಿನುಗುತ್ತದೆ, ನಿಮ್ಮ ಹಣ ದಿನಕ್ಕೆ ಶೇ 10 ಬೆಳೆಯುತ್ತದೆ, ಸಿಗದ ಐಪಿಒ ಷೇರು ಸಿಕ್ಕಿದಂತೆ ತೋರುತ್ತದೆ. ಹಣ ಹಿಂದೆ ಕೇಳಿದ ದಿನ ಎಲ್ಲವೂ ಮಾಯ. ನಿವೃತ್ತರು, ಗೃಹಿಣಿಯರು, ಓದಿದ ಎಂಜಿನಿಯರುಗಳು ಜೀವಮಾನದ ಉಳಿತಾಯ ಕಳೆದುಕೊಂಡ ಸುದ್ದಿ ನಮ್ಮ ಜಿಲ್ಲೆಗಳಿಂದಲೂ ಮತ್ತೆ ಮತ್ತೆ ಬರುತ್ತಿದೆ. ಅವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಅಂಕಿ ಚಲಿಸಿದರೆ ಅದು ನಿಜ ಎಂದು ನಮ್ಮ ಕಣ್ಣು ನಂಬುತ್ತದೆ. ಆದ್ದರಿಂದ ಇಷ್ಟು ಮಾಡಿ. ಆ ಆ್ಯಪ್ ತೋರಿಸುವ ಬೆಲೆಯನ್ನು ವಿನಿಮಯ ಕೇಂದ್ರದ ಸ್ವಂತ ಜಾಲತಾಣದಲ್ಲಿ ಹುಡುಕಿ ಹೋಲಿಸಿ. ಬ್ರೋಕರ್ ಹೆಸರು ಸೆಬಿಯ ನೋಂದಣಿ ಪಟ್ಟಿಯಲ್ಲಿದೆಯೇ ನೋಡಿ. ಕೊಂಡ ಷೇರು ಡಿಪಾಸಿಟರಿಯಿಂದ, ಅಂದರೆ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಿಂದ, ಬರುವ ವಿವರಪಟ್ಟಿಯಲ್ಲಿ ಕಾಣದಿದ್ದರೆ ನೀವು ಷೇರು ಕೊಂಡೇ ಇಲ್ಲ.

ದಿನಕ್ಕೆ ಎಷ್ಟು ಸಲ ಬೆಲೆ ನೋಡಬೇಕು? ವರ್ಷಗಳ ಲೆಕ್ಕದಲ್ಲಿ ಹೂಡಿದವರಿಗೆ ಸಂಜೆಯ ಮುಕ್ತಾಯದ ಬೆಲೆಯೇ ಸಾಕು, ಅದೂ ದಿನಾ ಬೇಡ. ಇಂದು ಕೊಳ್ಳಬೇಕು ಅಥವಾ ಮಾರಬೇಕು ಎಂದು ನಿರ್ಧರಿಸಿದವರು ಆ ಹೊತ್ತಿಗೆ ಡೆಪ್ತ್ ತೆರೆದು ಕೂರಲಿ. ನಡುವಿನವರಿಗೆ ಅಲರ್ಟ್ ಎಂಬ ಸೌಲಭ್ಯವಿದೆ: ಇಷ್ಟಕ್ಕೆ ಬಂದರೆ ತಿಳಿಸು ಎಂದು ಆ್ಯಪ್‌ಗೆ ಹೇಳಿಟ್ಟು ನಮ್ಮ ಕೆಲಸಕ್ಕೆ ನಾವು ಹೋಗಬಹುದು. ತೋಟದ ಗೇಟಿಗೆ ಗಂಟೆ ಕಟ್ಟಿ ಒಳಗೆ ಕೆಲಸ ಮಾಡುವ ಹಾಗೆ.

ಮೇಷ್ಟ್ರು ಅದನ್ನೇ ಮಾಡಿದರು. 408ಕ್ಕೆ ಒಂದು ಅಲರ್ಟ್ ಇಟ್ಟರು, ಬಂದಾಗ ಡೆಪ್ತ್ ನೋಡಿ ಲಿಮಿಟ್ ಹಾಕಿದರು. ಮುಂದಿನ ಸಲ ಅವರ ಮನೆಗೆ ಹೋದಾಗ ನೋಟ್‌ಬುಕ್ ತೋರಿಸಿದರು. ಷೇರಿನ ಹೆಸರು, ಪ್ರಮಾಣ, ದರ ಎಂಬ ಹಳೆಯ ಮೂರು ಗೆರೆಗಳ ಪಕ್ಕದಲ್ಲಿ ಸ್ಕೇಲ್ ಇಟ್ಟು ಹೊಸದೊಂದು ಗೆರೆ ಎಳೆದಿದ್ದರು. ಅದರಲ್ಲಿ ಶಾಯಿಯಲ್ಲಿ ಬರೆದಿತ್ತು: ಎನ್‌ಎಸ್‌ಇ, ಮಧ್ಯಾಹ್ನ 2 ಗಂಟೆ 17 ನಿಮಿಷ 40 ಸೆಕೆಂಡ್.